ಮುಯ್ಯಿ ಪುಸ್ತಕದ ಮಹಾಲೆಕ್ಕ

ಬೆಳಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ, ನನ್ನಂಥವರು ಬಾಗಿಲು ತೆಗೆದು ಹಾಲು ಬಂತೋ ಇಲ್ಲವೋ ನೋಡುತ್ತೇವೆ. ನಮ್ಮ ಭಾವ ಮಾತ್ರ ಹಾಸಿಗೆಯಲ್ಲೇ ಕೂತು ಮೊಬೈಲಿನಲ್ಲಿ ತಮ್ಮ ಸೈಟೇಷನ್ ನೋಡಿಕೊಳ್ಳುತ್ತಾರೆ.

ಗೌರಿ–ಗಣೇಶ ಹಬ್ಬಕ್ಕೆ ಅಕ್ಕನ ಜೊತೆ ನಮ್ಮ ಮನೆಗೆ ಬಂದಿದ್ದರು. ಗಣೇಶನನ್ನು ಕೂರಿಸಿದ ಮಾರನೇ ದಿನ ಬೆಳಗ್ಗೆ ಆರು ಗಂಟೆಗೆ ನಡುಮನೆಯಿಂದ "ಅಯ್ಯೋ, ಹೋಯ್ತಲ್ಲೋ!" ಅಂತ ಕೂಗು. ನಾನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದೆ.

"ನಿನ್ನೆ 212 ಇತ್ತು ಕಣೋ. ಇವತ್ತು 211!"

ದೇವರ ಮನೆಯಲ್ಲಿ ಹೂ ತೆಗೆಯುತ್ತಿದ್ದ ಅಮ್ಮ ಇಣುಕಿ ನೋಡಿದರು. "ಶುಗರ್ರಾ ಅಳಿಯಂದ್ರೇ? ಅಷ್ಟು ಕಡುಬು ತಿಂದೂ ಒಂದು ಇಳಿದಿದೆ ಅಂದ್ರೆ ಒಳ್ಳೇದೇ ಆಯ್ತಲ್ಲ!"

ಭಾವ ತಲೆ ಮೇಲೆ ಕೈ ಹೊತ್ತು ಕೂತರು. ಅವರು ಒಂದು ಮೆಡಿಕಲ್ ಕಾಲೇಜಿನಲ್ಲಿ ಚರ್ಮರೋಗ ವಿಭಾಗದ ಅಸೋಸಿಯೇಟ್ ಪ್ರೊಫೆಸರ್. 'ಅಸೋಸಿಯೇಟ್' ಅನ್ನುವ ಆ ಬಾಲ ಕತ್ತರಿಸಿ ಹೋಗುವುದನ್ನೇ ಎಷ್ಟೋ ವರ್ಷದಿಂದ ಕಾಯುತ್ತಿದ್ದಾರೆ. ಅದಕ್ಕೆ ಪೇಪರು ಬೇಕು. ಬರೀ ಪೇಪರು ಇದ್ದರೆ ಸಾಲದು, ಅದನ್ನು ಬೇರೆಯವರು ತಮ್ಮ ಪೇಪರಿನಲ್ಲಿ ಉಲ್ಲೇಖಿಸಿದ್ದಾರೆ ಅನ್ನಿಸಿಕೊಳ್ಳಬೇಕು. ಹಾಗೆ ಜಗತ್ತು ಅವರ ಹೆಸರೆತ್ತಿದ್ದು 212 ಸಲ. ಈಗ ಯಾವನೋ ಒಬ್ಬ ರಾತ್ರೋರಾತ್ರಿ ಎತ್ತಿದ ಹೆಸರನ್ನು ಕೆಳಗಿಟ್ಟುಬಿಟ್ಟಿದ್ದ.

"ಒಂದೇ ಪೇಪರ್ ಎರಡು ಕಡೆ ಕಂಡಿದ್ರೆ ಗೂಗಲ್ ಸ್ಕಾಲರ್‌ನೋರು ಸೇರಿಸಿ ಒಂದು ಮಾಡ್ತಾರಂತೆ, ಅದಕ್ಕೆ ಇಳಿದಿರಬೇಕು" ಅಂತ ಅಕ್ಕ ಅಡುಗೆಮನೆಯಿಂದಲೇ ಸಮಾಧಾನ ಹೇಳಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಅವಳಿಗೂ ಇಷ್ಟು ವಿದ್ಯೆ ಹತ್ತಿದೆ.

ಅಮ್ಮನಿಗೆ ವಿಷಯ ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬ್ಯಾಂಕಿನವನು, ಲೆಕ್ಕ ಅಂದರೆ ಲೆಕ್ಕ. "ಅಮ್ಮಾ, ಸೈಟೇಷನ್ ಅಂದ್ರೆ ಮುಯ್ಯಿ" ಅಂದೆ. ಅಮ್ಮನ ಮುಖ ಅರಳಿತು. ನಮ್ಮ ಮನೆಯ ಟ್ರಂಕಿನಲ್ಲಿ ಕೆಂಪು ರಟ್ಟಿನ ಉದ್ದನೆ ಪುಸ್ತಕ ಒಂದಿದೆ. ಅಕ್ಕನ ಮದುವೆಗೆ ಹಾಸನದ ಅತ್ತೆ 101 ರೂಪಾಯಿ, ಒಂದು ರವಿಕೆ ಕಣ; ಪಕ್ಕದ ಬೀದಿಯ ಮೇಷ್ಟರು ಸ್ಟೀಲಿನ ಡಬರಿ; ಹೀಗೆ ಎಲ್ಲ ಅದರಲ್ಲಿದೆ. ಅವರ ಮನೆಯ ಶುಭಕಾರ್ಯ ಬಂದಾಗ ಅಮ್ಮ ಪುಸ್ತಕ ತೆಗೆದು, ಬೆರಳು ಒದ್ದೆ ಮಾಡಿಕೊಂಡು ಪುಟ ತಿರುಗಿಸಿ, ಆ ಮುಯ್ಯಿ ತೀರಿಸುತ್ತಾರೆ. ವಿಜ್ಞಾನಿಗಳೂ ಹಾಗೇ. ಒಬ್ಬರ ಪೇಪರಿನಿಂದ ಏನಾದರೂ ಪಡೆದರೆ ತಮ್ಮ ಪೇಪರಿನ ಕೊನೆಯಲ್ಲಿ ಅವರ ಹೆಸರು ಬರೆದು ಋಣ ತೀರಿಸುತ್ತಾರೆ.

ಈ ಜಗದ್ವ್ಯಾಪಿ ಮುಯ್ಯಿ ಪುಸ್ತಕವನ್ನು ಹೊಲಿದವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಅಲ್ಲಿನ ವಕೀಲರ ಹತ್ತಿರ ಹಳೇ ಕಾಲದಿಂದ ಒಂದು ಪಟ್ಟಿ ಇತ್ತು. ಇಂಥ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಎತ್ತಿಕೊಂಡವು, ಯಾವುದು ಎತ್ತಿ ಬಿಸಾಡಿತು ಅಂತ ಅದರಲ್ಲಿ ನೋಡಬಹುದಿತ್ತು. ವಿಜ್ಞಾನಕ್ಕೂ ಇಂಥದ್ದೊಂದು ಇರಲಿ ಅಂತ ಗಾರ್ಫೀಲ್ಡ್ 1955ರಲ್ಲಿ ಬರೆದರು. 1964ರಲ್ಲಿ ಫಿಲಡೆಲ್ಫಿಯಾದಿಂದ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರಬಂತು. ಒಂದು ಪೇಪರಿನಿಂದ ಇನ್ನೊಂದಕ್ಕೆ ದಾರಿ ಹುಡುಕಲು ಮಾಡಿದ ಕೈಪಿಡಿ ಅದು. ಅದರ ಬೆನ್ನಿಗೆ ಬಂದ ಇಂಪ್ಯಾಕ್ಟ್ ಫ್ಯಾಕ್ಟರು ಪತ್ರಿಕೆಗಳನ್ನು ಹೋಲಿಸಿ ನೋಡಲು, ಯಾವುದನ್ನು ತರಿಸಬೇಕು ಯಾವುದನ್ನು ಬಿಡಬೇಕು ಅಂತ ಲೈಬ್ರರಿಯವರು ತೀರ್ಮಾನಿಸಲು ಉಪಯೋಗಕ್ಕೆ ಬಂತು. ಯಾವಾಗ ಅದು ಆಯ್ಕೆ ಸಮಿತಿಯ ಕೈಗೆ ಸಿಕ್ಕಿತೋ, ಆಗಿನಿಂದ ದಾರಿ ತೋರಿಸುವ ಕಲ್ಲನ್ನೇ ತೂಕದ ಕಲ್ಲು ಮಾಡಿಕೊಂಡು ಮನುಷ್ಯರನ್ನು ತಕ್ಕಡಿಗೆ ಹಾಕುತ್ತಿದ್ದಾರೆ.

"ಅದಿರಲಿ, ನಿಮ್ಮ ಎಚ್ ಎಷ್ಟು ಭಾವ?" ಅಂತ ಕೇಳಿದೆ. ಹೆಂಗಸರ ವಯಸ್ಸು, ಗಂಡಸರ ಸಂಬಳ, ಡಾಕ್ಟರರ ಎಚ್ ಕೇಳಬಾರದು ಅಂತ ಮರೆತಿದ್ದೆ. "ಎಂಟು" ಅಂದರು, ಅದೂ ಮೆಲ್ಲಗೆ.

ಈ ಎಚ್ ಇಂಡೆಕ್ಸನ್ನು ಹುಟ್ಟಿಸಿದವರು ವೈದ್ಯರಲ್ಲ, ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್, 2005ರಲ್ಲಿ. ತಮ್ಮ ಹೆಸರಿನ ಮೊದಲಕ್ಷರದಂತೆಯೇ ಕಾಣುವ ಅಕ್ಷರವನ್ನೇ ಅದಕ್ಕೆ ಇಟ್ಟರು. ಅಕ್ಕನಿಗೆ ನಾನು ಅದನ್ನು ಹೀಗೆ ವಿವರಿಸಿದೆ: "ನೀನು ಮಾಡೋ ಅಡುಗೆಗಳನ್ನೆಲ್ಲ ಸಾಲಾಗಿ ಬರಿ. ಹತ್ತು ಅಡುಗೆ, ಒಂದೊಂದನ್ನೂ ಕಡೇ ಪಕ್ಷ ಹತ್ತು ಜನ ಕೇಳಿ ಬಡಿಸ್ಕೊಂಡಿದ್ರೆ ನಿನ್ನ ಎಚ್ ಹತ್ತು. ಬರೀ ಬಿಸಿಬೇಳೆಬಾತ್ ಒಂದೇ ಮಾಡಿ, ಅದನ್ನ ಇಡೀ ಮೈಸೂರೇ ಚಪ್ಪರಿಸಿದ್ರೂ ನಿನ್ನ ಎಚ್ ಒಂದೇ."

ಅಕ್ಕ ಸಟ್ಟುಗ ಎತ್ತಿಕೊಂಡೇ ಹೊರಗೆ ಬಂದಳು. "ಹಂಗಾದ್ರೆ ದಿನಾ ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ ಸಾಧಾರಣವಾಗಿ ಮಾಡೋಳು ಗೆದ್ದಳು, ಜನ್ಮಕ್ಕೊಂದು ಸಲ ಅಮೃತ ಮಾಡಿದೋಳು ಸೋತಳು ಅಂತಾಯ್ತು." ನಮ್ಮಕ್ಕ ಬಿ.ಕಾಂ. ವಿಜ್ಞಾನಿಗಳು ಪುಟಗಟ್ಟಲೆ ತರ್ಕ ಮಾಡಿ ಎತ್ತುವ ಆಕ್ಷೇಪವನ್ನು ಒಗ್ಗರಣೆ ಸೀಯುವುದರೊಳಗೆ ಎತ್ತಿದಳು.

ಹಾಗಂತ ಬರೀ ಒಟ್ಟು ಎಣಿಸಿದರೂ ನ್ಯಾಯ ಸಿಗುವುದಿಲ್ಲ. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪೇಪರುಗಳ ಪಟ್ಟಿ ಮಾಡಿತು. ಮೊದಲನೆಯದು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು: ದ್ರಾವಣದಲ್ಲಿ ಪ್ರೊಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ಮೂರು ಲಕ್ಷಕ್ಕೂ ಮೇಲೆ ಉಲ್ಲೇಖ! ಲೌರಿಯೇ ಇದೇನು ಅಂಥ ಮಹಾ ಪೇಪರಲ್ಲ ಅಂತ ಒಪ್ಪಿಕೊಂಡಿದ್ದರು, ಒಳಗೊಳಗೇ ಖುಷಿಪಟ್ಟಿದ್ದೂ ಉಂಟು. ಒಗ್ಗರಣೆ ಇದ್ದ ಹಾಗೆ ಅದು. ಸಾರಿಗೂ ಬೇಕು, ಪಲ್ಯಕ್ಕೂ ಬೇಕು, ಕೋಸಂಬರಿಗೂ ಬೇಕು. ಡಿಎನ್‌ಎ ಜೋಡಿಸುರುಳಿಯನ್ನು ಲೋಕಕ್ಕೆ ತೋರಿಸಿದ ವಾಟ್ಸನ್–ಕ್ರಿಕ್ ಅವರ 1953ರ ಪೇಪರಿಗೆ ಆ ನೂರರಲ್ಲಿ ಜಾಗ ಸಿಗಲಿಲ್ಲ. ಅದನ್ನು ಈಗ ಹೆಚ್ಚಿನವರು ಉಲ್ಲೇಖಿಸುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ! ಅಡುಗೆಗೆ ಬೆಂಕಿ ಕೊಟ್ಟವರ ಹೆಸರನ್ನು ಯಾವ ಅಡುಗೆ ಪುಸ್ತಕ ಬರೆದಿದೆ?

ನೇಚರ್‌ನ ಅದೇ ಲೇಖನದಲ್ಲಿ ಇನ್ನೊಂದು ಹೋಲಿಕೆ ಇತ್ತು. ಆಗ ಸೂಚಿಯಲ್ಲಿದ್ದ 5.8 ಕೋಟಿ ಬರಹಗಳ ಮೊದಲ ಪುಟವನ್ನಷ್ಟೇ ಒಂದರ ಮೇಲೊಂದು ಪೇರಿಸಿದರೆ ಕಿಲಿಮಂಜಾರೊ ಪರ್ವತದ ಎತ್ತರಕ್ಕೆ ಹೋಗುತ್ತದಂತೆ. ನಮ್ಮ ಲೆಕ್ಕದಲ್ಲಿ ಮುಳ್ಳಯ್ಯನಗಿರಿಯ ಮೂರರಷ್ಟು. ಅದರಲ್ಲಿ ಸಾವಿರಕ್ಕಿಂತ ಹೆಚ್ಚು ಉಲ್ಲೇಖ ಪಡೆದವು ನೆತ್ತಿಯ ಒಂದೂವರೆ ಮೀಟರು ಮಾತ್ರ. ಅಂದರೆ ನಮ್ಮ ಅಕ್ಕನ ಎತ್ತರ. ಬೆಟ್ಟದ ಬುಡದಿಂದ ನಡುವಿನವರೆಗೆ ಇರುವುದೆಲ್ಲ ಒಂದು ಉಲ್ಲೇಖವೂ ಇಲ್ಲದವು, ಇಲ್ಲವೇ ಒಂದೇ ಒಂದು ಪಡೆದವು. "ನೋಡಿ ಭಾವ, 211 ಅಂದ್ರೆ ನೀವು ಬೆಟ್ಟ ಹತ್ತಿ ಆಗಿದೆ" ಅಂದೆ. ಅವರ ಮುಖ ಸ್ವಲ್ಪ ಗೆಲುವಾಯಿತು. ಅಷ್ಟು ಹೊತ್ತಿಗೆ ಪೇಪರಿನ ಹುಡುಗ ಪೇಪರು ಎಸೆದು ಹೋದ, ಆ ಗೆಲುವೂ ಹೋಯಿತು.

ಒಳಪುಟದಲ್ಲಿ ಸುದ್ದಿ: ನಮ್ಮೂರಿನ ಯಾರೋ ಪ್ರಾಧ್ಯಾಪಕರು 'ವಿಶ್ವದ ಶೇ 2 ವಿಜ್ಞಾನಿಗಳ' ಪಟ್ಟಿಯಲ್ಲಿ. ಶಾಲು, ಹಾರ, ಪಾಸ್‌ಪೋರ್ಟ್ ಸೈಜಿನ ನಗು. ಸ್ಟ್ಯಾನ್‌ಫರ್ಡ್‌ನ ವೈದ್ಯ ಪ್ರಾಧ್ಯಾಪಕ ಜಾನ್ ಐಯೊನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಶುರು ಮಾಡಿದ ಲೆಕ್ಕ ಇದು. ಉಲ್ಲೇಖದ ಅಂಕಿಗಳನ್ನು ಒಂದೇ ಅಳತೆಗೆ ತರಲು ಮಾಡಿದ ಪಟ್ಟಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಹಾರ ಹಾಕಿಸಿಕೊಳ್ಳುವ ಪಟ್ಟಿಯಾಗಿತ್ತು. ಅದರಲ್ಲಿ ಒಂದು ಜಾಣತನ ಮಾತ್ರ ಇದೆ. ತಾನೇ ತನ್ನನ್ನು ಉಲ್ಲೇಖಿಸಿಕೊಂಡದ್ದನ್ನು ಸೇರಿಸಿ ಒಂದು ಲೆಕ್ಕ, ಬಿಟ್ಟು ಇನ್ನೊಂದು ಲೆಕ್ಕ ಕೊಡುತ್ತಾರೆ.

ಸ್ವಂತ ಉಲ್ಲೇಖ ಅಂದರೆ ನಮ್ಮ ಸರ್ವಜ್ಞನನ್ನು ಮೀರಿಸಿದವರುಂಟೇ? ಪ್ರತಿ ಮೂರು ಸಾಲಿಗೊಂದು ಸಲ ತನ್ನ ಹೆಸರು! ಗೂಗಲ್ ಸ್ಕಾಲರ್ ಆಗ ಇದ್ದಿದ್ದರೆ ಅವನ ಪ್ರಮೋಷನ್ನಿಗೆ ಯಾರೂ ಅಡ್ಡಿ ಬರುತ್ತಿರಲಿಲ್ಲ.

ಇನ್ನು ಮುಯ್ಯಿಗೆ ಮುಯ್ಯಿ ಕೂಟಗಳಿವೆ. ನೀನು ನನ್ನ ಹೆಸರು ಹಾಕು, ನಾನು ನಿನ್ನ ಹೆಸರು ಹಾಕುತ್ತೇನೆ. ಹಾಗೂ ಸಾಲದಿದ್ದರೆ ಕಾಸು ಕೊಟ್ಟು ಹಾಕಿಸಿಕೊಳ್ಳಬಹುದು. ಈ ದಂಧೆಯನ್ನು ಬಯಲು ಮಾಡಲು ಅಮೆರಿಕದ ರೀಸ್ ರಿಚರ್ಡ್‌ಸನ್ ಎಂಬ ಯುವಕ ಗೆಳೆಯನೊಬ್ಬನ ಜೊತೆ ಸೇರಿ 2024ರಲ್ಲಿ ತನ್ನ ಅಜ್ಜಿಯ ಬೆಕ್ಕನ್ನೇ ವಿಜ್ಞಾನಿ ಮಾಡಿದ. ಬೆಕ್ಕಿನ ಹೆಸರು ಲ್ಯಾರಿ. ಅದರ ಹೆಸರಲ್ಲಿ 12 ಹುಸಿ ಪೇಪರು, ಅವನ್ನು ಉಲ್ಲೇಖಿಸುವ ಇನ್ನೊಂದಿಷ್ಟು ಹುಸಿ ಪೇಪರು. ಕೆಲವೇ ದಿನದಲ್ಲಿ ಗೂಗಲ್ ಸ್ಕಾಲರ್ ಲ್ಯಾರಿಗೆ 132 ಉಲ್ಲೇಖ ಬರೆಯಿತು, ಎಚ್ ಇಂಡೆಕ್ಸು 11.

ಹನ್ನೊಂದು! ಭಾವನದು ಎಂಟು. ಇದನ್ನು ಹೇಳಿದ ತಕ್ಷಣ ಭಾವ, ಹಾಲಿನ ಪಾತ್ರೆಯ ಹತ್ತಿರ ಸುಳಿಯುತ್ತಿದ್ದ ನಮ್ಮ ಮನೆ ಬೆಕ್ಕನ್ನು ನೋಡಿದ ನೋಟ ಇದೆಯಲ್ಲ, ಸಹೋದ್ಯೋಗಿಯನ್ನು ಹಾಗೆ ನೋಡಬಾರದು.

ಲ್ಯಾರಿಗಿಂತ ಮುಂಚೆ ಈ ಗದ್ದುಗೆಯಲ್ಲಿದ್ದದ್ದೂ ಬೆಕ್ಕೇ. 1975ರಲ್ಲಿ ಮಿಷಿಗನ್ನಿನ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಕೂತು ಬರೆದ ಪೇಪರಿನಲ್ಲಿ ಉದ್ದಕ್ಕೂ 'ನಾವು' ಅಂತ ಬರೆದಿದ್ದರು. ಒಬ್ಬನೇ ಲೇಖಕ ಹಾಗೆ ಬರೆದರೆ ಪತ್ರಿಕೆಯವರು ಒಪ್ಪುವುದಿಲ್ಲ ಅಂತ ಸ್ನೇಹಿತರೊಬ್ಬರು ಎಚ್ಚರಿಸಿದರು. ಆಗ ಕಂಪ್ಯೂಟರ್ ಇಲ್ಲ, ಇಡೀ ಪೇಪರನ್ನು ಮತ್ತೆ ಟೈಪ್ ಮಾಡಬೇಕು. ಸೋಮಾರಿತನಕ್ಕೆ ಮದ್ದು ಕಂಡುಹಿಡಿದರು. ಮನೆಯ ಸಯಾಮಿ ಬೆಕ್ಕು ಚೆಸ್ಟರನ್ನು ಎಫ್.ಡಿ.ಸಿ. ವಿಲ್ಲಾರ್ಡ್ ಅನ್ನುವ ಹೆಸರಲ್ಲಿ ಎರಡನೇ ಲೇಖಕನಾಗಿ ಸೇರಿಸಿದರು. 'ನಾವು' ಉಳಿಯಿತು.

ಎರಡನೇ ಲೇಖಕ ಅಂದಾಗ ಭಾವ ನಿಟ್ಟುಸಿರು ಬಿಟ್ಟರು. 2015ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು, ಬಡ್ತಿಗೆ ಪೇಪರಿನ ಮೊದಲ ಮತ್ತು ಎರಡನೇ ಲೇಖಕರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಸುತ್ತೋಲೆ ಹೊರಡಿಸಿತು. ಆವತ್ತಿನಿಂದ ಎಷ್ಟು ಡಿಪಾರ್ಟ್‌ಮೆಂಟುಗಳಲ್ಲಿ ಎಷ್ಟು ಸ್ನೇಹ ಮುರಿಯಿತೋ. ಮದುವೆ ಮನೆಯಲ್ಲಿ ಮೊದಲನೇ ಪಂಕ್ತಿಯ ಎಲೆಗೆ ನಡೆಯುವ ನೂಕಾಟ ಇದರ ಮುಂದೆ ಏನೂ ಅಲ್ಲ. ಭಾವ ಮೂರನೇ ಎಲೆಗೆ ಕೂತು ಉಂಡವರು. ಊಟದಲ್ಲಿ ಕಡಿಮೆಯೇನಿಲ್ಲ, ಆಗಿನ ಲೆಕ್ಕದಲ್ಲಿ ಮಾತ್ರ ಉಪವಾಸ. "ನೀವು ಮೂರನೇದಕ್ಕೇ ಹಿಂಗಂತೀರಿ" ಅಂತ ನಾನು ಸಮಾಧಾನ ಮಾಡಿದೆ. "2021ರಲ್ಲಿ ಕೋವಿಡ್ ಲಸಿಕೆ, ಆಪರೇಷನ್ನು ಅಂತ ಬಂದ ಒಂದು ಪೇಪರಿಗೆ ಲೇಖಕರು 15,025 ಜನ. ಗಿನ್ನೆಸ್ ದಾಖಲೆ. ಅದರಲ್ಲಿ ಕೊನೇ ಎಲೆಗೆ ಕೂತೋನ ಕಥೆ ಯೋಚನೆ ಮಾಡಿ."

ಭಾವನ ಮೊಬೈಲು ಕುಂಯ್ ಅಂತು. ಆಸೆಯಿಂದ ತೆಗೆದು ನೋಡಿದರು. ಮತ್ತೆ ಅದೇ ಇಮೇಲು: 'ಪರಮ ಗೌರವಾನ್ವಿತ ಮಹಾವಿದ್ವಾಂಸರೇ, ತಮ್ಮ ಅಮೋಘ ಸಂಶೋಧನೆಯನ್ನು ಓದಿ ಪುಳಕಿತರಾಗಿದ್ದೇವೆ, ನಮ್ಮ ಪತ್ರಿಕೆಗೆ ಲೇಖನ ಕಳಿಸಿ, ಮೂರೇ ದಿನದಲ್ಲಿ ಪ್ರಕಟಣೆ.' ತುರಿಕಜ್ಜಿಯ ಬಗ್ಗೆ ಬರೆದ ಮನುಷ್ಯನಿಗೆ ಆಹ್ವಾನ ಬಂದದ್ದು ಮೀನುಗಾರಿಕೆಯ ಪತ್ರಿಕೆಯಿಂದ. ಕೊನೇ ಸಾಲಿನಲ್ಲಿ ಡಾಲರಿನ ಲೆಕ್ಕ. ಇಂಥ ಪತ್ರಿಕೆಗಳಿಗೆ ಬೇಟೆಗಾರ ಪತ್ರಿಕೆಗಳು ಅಂತ ಅರ್ಥ ಬರುವ ಹೆಸರಿಟ್ಟವರು ಅಮೆರಿಕದ ಗ್ರಂಥಪಾಲಕ ಜೆಫ್ರಿ ಬೀಲ್, 2010ರಲ್ಲಿ. ಇಂಥ ಇಮೇಲುಗಳ ಕಾಟ ತಾಳಲಾರದೆ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು 2005ರಲ್ಲೇ ಒಂದು 'ಪೇಪರು' ಬರೆದಿದ್ದರು. ಹತ್ತು ಪುಟ, ಉದ್ದಕ್ಕೂ ಒಂದೇ ವಾಕ್ಯ: ನಿಮ್ಮ ಹಾಳು ಪಟ್ಟಿಯಿಂದ ನನ್ನ ಹೆಸರು ಕಿತ್ತುಹಾಕಿ. 'ಹಾಳು' ಅನ್ನುವುದು ನಾನು ಅಮ್ಮನ ಎದುರಿಗೆ ಮಾಡಿದ ಅನುವಾದ. 2014ರಲ್ಲಿ ಇನ್ನೊಬ್ಬರು ರೋಸಿಹೋಗಿ ಅದನ್ನೇ ಒಂದು ಪತ್ರಿಕೆಗೆ ಕಳಿಸಿದರು. ಪರಿಶೀಲಕರು ಓದಿ 'ಉತ್ಕೃಷ್ಟ' ಅಂತ ಷರಾ ಬರೆದು ಒಪ್ಪಿಕೊಂಡರು.

ನಗು ಇರಲಿ, ಮೈ ಜುಮ್ಮೆನ್ನುವ ಲೆಕ್ಕಗಳೂ ಇವೆ. ಜಪಾನಿನ ಅರಿವಳಿಕೆ ತಜ್ಞ ಯೋಶಿತಾಕ ಫುಜಿಯ 212 ಪೇಪರುಗಳನ್ನು ಅಲ್ಲಿನ ಅರಿವಳಿಕೆ ತಜ್ಞರ ಸಂಘ 2012ರಲ್ಲಿ ಶೋಧಿಸಿದಾಗ 172ರಲ್ಲಿ ಕಟ್ಟುಕಥೆ ಸಿಕ್ಕಿತು. (212! ಭಾವನ ನಿನ್ನೆಯ ಸಂಖ್ಯೆ. ನಾನು ಬಾಯಿ ಮುಚ್ಚಿಕೊಂಡೆ.) ಇಲ್ಲದ ರೋಗಿಗಳಿಗೆ ಕೊಡದ ಔಷಧ ಕೊಟ್ಟು ಬಾರದ ವಾಂತಿ ನಿಲ್ಲಿಸಿದ್ದ ಪುಣ್ಯಾತ್ಮ. ಇನ್ನೊಬ್ಬ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್. ಬರೀ 12 ಮಕ್ಕಳನ್ನು ಮುಂದಿಟ್ಟುಕೊಂಡು ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿ 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದ ಪೇಪರು ಅವನದು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಆದರೂ ಉಲ್ಲೇಖ ಸಾವಿರಕ್ಕೂ ಮೇಲೆ, ಬಹುಪಾಲು ಬೈಗುಳವೇ. ಗಾರ್ಫೀಲ್ಡರ ಯಂತ್ರಕ್ಕೆ ಹೊಗಳಿಕೆ ಯಾವುದು, ಛೀಮಾರಿ ಯಾವುದು ಗೊತ್ತಾಗುವುದಿಲ್ಲ. ಮದುವೆಗೆ ಬಂದು ಜಗಳ ಕಾದು ಹೋದವನ ಹೆಸರೂ ಮುಯ್ಯಿ ಪುಸ್ತಕದಲ್ಲಿ.

"ಹಂಗಾದ್ರೆ ಲೆಕ್ಕವೇ ಸುಳ್ಳು ಅಂತೀಯಾ?" ಅಂತ ಭಾವ ಕೆರಳಿದರು. ಬ್ಯಾಂಕಿನವನು ಹಾಗನ್ನಲು ಬರುತ್ತದೆಯೇ? ಸಲೀಂ ಯೂಸುಫ್ ಅವರನ್ನೇ ನೋಡಿ. ಕೇರಳದಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಹಿಡಿದು ಆಕ್ಸ್‌ಫರ್ಡಿಗೆ ಹೋಗಿ, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಹೃದ್ರೋಗ ತಜ್ಞರು. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ವೈದ್ಯ ಸಂಶೋಧಕರಲ್ಲಿ ಒಬ್ಬರು. 2004ರಲ್ಲಿ ಬಂದ ಅವರ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳ ಸುಮಾರು 30,000 ಜನರನ್ನು ನೋಡಿ, ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತರಷ್ಟು ಬರೀ ಒಂಬತ್ತು ಕಾರಣಗಳಿಂದ ಬರುತ್ತದೆ ಅಂತ ಹೇಳಿತು. ಹೊಗೆಸೊಪ್ಪು, ಕೆಟ್ಟ ಕೊಬ್ಬು, ಬಿಪಿ, ಶುಗರು ಅಂತ ಹೇಳುತ್ತಾ ಬಂದ ಭಾವ ಹೊಟ್ಟೆಯ ಬೊಜ್ಜಿನ ಹತ್ತಿರ ನಿಲ್ಲಿಸಿ ನನ್ನ ಬನಿಯನ್ನಿನ ಕೆಳಭಾಗವನ್ನೇ ನೋಡಿದರು. ಬೆಕ್ಕಿನ ಸೇಡು ತೀರಿಸಿಕೊಂಡರು ಅಂತ ಗೊತ್ತಾಯಿತು.

ಆ ಹೊತ್ತಿಗೆ ಬಚ್ಚಲ ಕಡೆಯಿಂದ ನನ್ನ ಮಗನ ನರಳಾಟ. ಹಿಂದಿನ ದಿನ ಹದಿನಾಲ್ಕು ಕಡುಬು ತಿಂದ ವೀರ, ಬೆಳಗಿನಿಂದ ಐದು ಸಲ ಹೋಗಿ ಬಂದಿದ್ದ. ಅಮ್ಮ ಆಗಲೇ ಡಬ್ಬಿಯಿಂದ ಓಆರ್‌ಎಸ್ ಪೊಟ್ಟಣ ತೆಗೆದು ಚೊಂಬು ಹುಡುಕುತ್ತಿದ್ದರು. ಭಾವ ಮೊಬೈಲು ಬಿಟ್ಟು ಎದ್ದರು. "ಪೂರ್ತಿ ಪೊಟ್ಟಣ, ಕಾದಾರಿದ ನೀರು ಒಂದು ಲೀಟರ್. ಅಂದಾಜಿಗೆ ಹಾಕಬೇಡಿ ಅತ್ತೆ" ಅಂತ ಅಳತೆ ಪಾತ್ರೆ ತೆಗೆದುಕೊಂಡು ತಾವೇ ಕಲಸತೊಡಗಿದರು. ಕಲಸುತ್ತಾ ಕಲಸುತ್ತಾ ಒಂದು ಕಥೆ ಹೇಳಿದರು. ಇಡೀ ಬೆಳಗ್ಗೆ ನಾನು ಗೇಲಿ ಮಾಡದೆ ಕೇಳಿದ್ದು ಅದೊಂದೇ.

ಕಲ್ಕತ್ತೆಯಲ್ಲಿ ಶಂಭುನಾಥ ಡೇ ಅನ್ನುವ ರೋಗಶಾಸ್ತ್ರದ ಪ್ರಾಧ್ಯಾಪಕರಿದ್ದರು. ಕಾಲರಾ ರೋಗಾಣುವನ್ನು ರಾಬರ್ಟ್ ಕಾಖ್ ಅದೇ ಊರಿನಲ್ಲಿ 1884ರಲ್ಲಿ ಗುರುತಿಸಿ, ಇದೊಂದು ವಿಷ ಕಾರುತ್ತಿರಬೇಕು ಅಂತ ಊಹಿಸಿದ್ದರು. ಮುಂದೆ ಎಪ್ಪತ್ತೈದು ವರ್ಷ ಆ ವಿಷ ಯಾರ ಕೈಗೂ ಸಿಗಲಿಲ್ಲ. ಪ್ರಾಣಿಗಳ ರಕ್ತಕ್ಕೆ, ಹೊಟ್ಟೆಯ ಪೊರೆಗೆ ಸೂಜಿ ಚುಚ್ಚಿ ಹುಡುಕುತ್ತಿದ್ದರು. ಡೇ ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು ಅದರೊಳಗೇ ರೋಗಾಣು ಬಿಟ್ಟರು. ಕರುಳು ನೀರು ತುಂಬಿ ಊದಿಕೊಂಡಿತು. ಅದು 1953. ಆಮೇಲೆ ರೋಗಾಣುಗಳನ್ನೆಲ್ಲ ಸೋಸಿ ತೆಗೆದು, ಉಳಿದ ತಿಳಿಯನ್ನಷ್ಟೇ ಬಿಟ್ಟು ನೋಡಿದರು. ಆಗಲೂ ಊದಿಕೊಂಡಿತು. ವಿಷ ಸಿಕ್ಕಿತು. 1959ರಲ್ಲಿ ನೇಚರ್‌ನಲ್ಲಿ ಎರಡು ಪುಟ ಮೀರದ ಪೇಪರು, ಲೇಖಕರು ಒಬ್ಬರೇ. ಯಾವ ಎಲೆಗೆ ಕೂರಬೇಕು ಅನ್ನುವ ಜಗಳವೇ ಇಲ್ಲ.

ಆ ಪೇಪರು ಎಷ್ಟೋ ಕಾಲ ಮಲಗಿತ್ತು. ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಿಕೊಳ್ಳಲಿಲ್ಲ. ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್ ಒಂದಕ್ಕಿಂತ ಹೆಚ್ಚು ಸಲ ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು, ಬರಲಿಲ್ಲ. 1985ರಲ್ಲಿ ಡೇ ತೀರಿಕೊಂಡರು. ಮಾರನೇ ವರ್ಷ, ಈ ಕೆಲಸದ ತೂಕ ಎಷ್ಟು, ಲೋಕ ಅದನ್ನು ಎಷ್ಟು ನಿಧಾನವಾಗಿ ಗುರುತಿಸಿತು ಅಂತ ಲೇಖನ ಬರೆದವರು ಯಾರು ಗೊತ್ತೇ? ಯೂಜೀನ್ ಗಾರ್ಫೀಲ್ಡ್. ಮುಯ್ಯಿ ಪುಸ್ತಕ ಹೊಲಿದವರೇ ಅದರ ಪುಟ ತಿರುವಿ, ಇಲ್ಲೊಬ್ಬರ ಲೆಕ್ಕ ತಡವಾಗಿ ಏರಿದೆ ಅಂತ ಬೆರಳಿಟ್ಟು ತೋರಿಸಿದರು.

ಡೇ ಅವರ ಶೋಧದ ನಂತರ, ಕಾಲರಾದಲ್ಲಿ ಕೊಲ್ಲುವುದು ಕರುಳು ಹೊರಗೆ ಸುರಿಸುವ ನೀರು, ಅದನ್ನು ತುಂಬಿಕೊಟ್ಟರೆ ಜೀವ ಉಳಿಯುತ್ತದೆ ಅನ್ನುವ ತಿಳುವಳಿಕೆ ಗಟ್ಟಿಯಾಗುತ್ತಾ ಬಂತು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ ಅಂತ ಬೇರೆಯವರು ತೋರಿಸಿದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂಗಾಳದ ಬನ್‌ಗಾಂವ್‌ಗೆ ನುಗ್ಗಿದಾಗ ಡ್ರಿಪ್ ಬಾಟಲಿ ಮುಗಿದುಹೋಗಿ, ದಿಲೀಪ್ ಮಹಲನೊಬಿಸ್ ಅನ್ನುವ ವೈದ್ಯರು ಉಪ್ಪು–ಸಕ್ಕರೆ ನೀರನ್ನು ಪೀಪಾಯಿಗಟ್ಟಲೆ ಕಲಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತು ಜನ ಸಾಯುತ್ತಿದ್ದ ಶಿಬಿರದಲ್ಲಿ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. 1973ರಲ್ಲಿ ಪೇಪರು ಬಂತು. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಕೊಂಡ ಮೇಲೆ.

ಅಷ್ಟರಲ್ಲಿ ಮಗ ಅರ್ಧ ಲೋಟ ಗುಟುಕರಿಸಿ ಮುಖ ಸಿಂಡರಿಸಿದ್ದ. "ಈಗ ಇವನು ಕುಡಿದದ್ದು ಡೇ ಅವರ ಲೆಕ್ಕಕ್ಕೆ ಏರುತ್ತಾ ಭಾವ?" ಅಂತ ಕೇಳಿದೆ. ಭಾವ ಮಾತಾಡಲಿಲ್ಲ. ಅಮ್ಮ ಮಾತಾಡಿದರು: "ನಿನ್ನ ಹೆರಿಗೆ ಮಾಡಿಸಿದ ಸೂಲಗಿತ್ತಿ ಹೆಸರೂ ನನ್ನ ಪುಸ್ತಕದಲ್ಲಿದೆ ಕಣೋ. ಅವಳ ಮುಂದೆ ರೂಪಾಯಿ ಬರ್ದಿಲ್ಲ. ಏನಂತ ಬರೀಲಿ?"

ಒಂದು ಗಳಿಗೆ ಎಲ್ಲರೂ ಸುಮ್ಮನಾದೆವು. ಭಾವನ ಕಣ್ಣಲ್ಲಿ ಏನೋ ಹೊಳೆದ ಹಾಗಾಯಿತು. ವೈರಾಗ್ಯ ಬಂತು, ಇನ್ನು ಮೇಲೆ ಮನುಷ್ಯ ಬೆಳಗ್ಗೆ ಎದ್ದು ಅಂಗೈ ನೋಡಿಕೊಳ್ಳುತ್ತಾರೆ ಅಂತ ನಾನೂ ನಂಬಿದೆ. ಅಷ್ಟರಲ್ಲಿ ಮೊಬೈಲು ಮತ್ತೆ ಕುಂಯ್ ಅಂತು. ಭಾವ ಚಮಚ ಎಸೆದು ಹಾರಿದರು.

"ಬಂತು! ಬಂತು! ಮತ್ತೆ 212!"

"ಯಾರ ಮನೆಯೋರು ಹಾಕಿದ್ದು?" ಅಂತ ಅಮ್ಮ ಕೇಳಿದರು.

ಭಾವ ಬೆರಳಾಡಿಸಿ ನೋಡಿದರು. ಕಿವಿ ಕೆಂಪಾಯಿತು. "ಅದೂ... ಹೋದ ತಿಂಗಳು ನನ್ನದೇ ಒಂದು ಪೇಪರ್ ಬಂತಲ್ಲ ಅತ್ತೆ... ಅದರಲ್ಲಿ ನಾನೇ..."

ಅಮ್ಮ ಸೆರಗಿನಿಂದ ಮೊಮ್ಮಗನ ಬಾಯಿ ಒರೆಸುತ್ತಾ ಅಂದರು: "ಹಂಗಾದ್ರೆ ಬರ್ಕೋಬೇಡಿ ಅಳಿಯಂದ್ರೇ. ಸ್ವಂತ ಮನೆಯೋರ ಮುಯ್ಯಿ ಬರೆಯೋ ಪದ್ಧತಿ ಇಲ್ಲ."